ಹೊಗೆಗೆ ದಾರಿ ಎಲ್ಲಿ, ನಿಮಗೆ ದಾರಿ ಎಲ್ಲಿ?

ನಗರಸಭೆಯೊಂದರ ನಕ್ಷೆ ಮಂಜೂರಾತಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಎಂಜಿನಿಯರ್ ಆಗಿದ್ದು ನಿವೃತ್ತಳಾದವಳು ನಾನು. ಈ ಸಲ ಬಂದ ಪತ್ರಗಳಲ್ಲಿ ಬಾಡಿಗೆ ಮನೆಯ ಸಂಕಟಗಳೇ ಹೆಚ್ಚು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ. ಅವರೆಲ್ಲ ಇನ್ನೂ ಅದೇ ಮನೆಗಳಲ್ಲಿ ಇರಬೇಕಾದವರು.

ಪ್ರಶ್ನೆ: ಅಮ್ಮ, ನಾವು ಬೆಂಗಳೂರಿನ ಪೀಣ್ಯದ ಹತ್ತಿರ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಬಚ್ಚಲುಮನೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಶೌಚಾಲಯವೂ ಅದರೊಳಗೇ. ಗ್ಯಾಸ್ ಗೀಸರನ್ನು ಒಳಗಿನ ಗೋಡೆಗೇ ಕೂರಿಸಿದ್ದಾರೆ. ಸೊಳ್ಳೆಯ ಕಾಟಕ್ಕೆ ವೆಂಟಿಲೇಟರಿಗೆ ಥರ್ಮೋಕೋಲ್ ಒತ್ತಿದ್ದೇವೆ. ಹೋದ ತಿಂಗಳು ಎಂಟು ವರ್ಷದ ಮಗಳು ತಲೆಗೆ ನೀರು ಹಾಕಿಕೊಂಡು ಹೊರಬಂದವಳು ತಲೆ ಸುತ್ತುತ್ತದೆ ಎಂದು ಗೋಡೆ ಹಿಡಿದು ಕುಳಿತುಬಿಟ್ಟಳು. ವಾಂತಿಯೂ ಆಯಿತು. ಹಸಿವಿನಿಂದ ಇರಬೇಕು ಎಂದುಕೊಂಡೆವು. ಪಕ್ಕದ ಮನೆಯವರು ಗೀಸರಿನಿಂದಲೇ ಆಗಿದ್ದು ಎನ್ನುತ್ತಾರೆ. ಮಾಲೀಕರನ್ನು ಕೇಳಿದರೆ, 'ಹನ್ನೆರಡು ಮನೆಗೂ ಹೀಗೇ ಇದೆ, ಯಾರಿಗೂ ಏನೂ ಆಗಿಲ್ಲವಲ್ಲ' ಎಂದರು.

ಉತ್ತರ: ತಂಗಿ, ನಿಮ್ಮ ಪತ್ರ ಓದಿದ ಗಳಿಗೆಯಲ್ಲೇ ನಿಮಗೆ ಫೋನ್ ಮಾಡಿದೆ. ಗೀಸರ್ ನಿಲ್ಲಿಸಿದ್ದೀರಿ, ಒಲೆಯ ಮೇಲೆ ನೀರು ಕಾಯಿಸುತ್ತಿದ್ದೀರಿ ಎಂದು ಕೇಳಿದ ಮೇಲೆಯೇ ನನಗೆ ನೆಮ್ಮದಿಯಾದದ್ದು. ಇಲ್ಲಿ ಬರೆಯುತ್ತಿರುವುದು ಇಂತಹದೇ ಬಚ್ಚಲಿರುವ ಉಳಿದವರಿಗಾಗಿ.

ಗ್ಯಾಸ್ ಉರಿಯಲು ಗಾಳಿ ಬೇಕು. ನಾಲ್ಕಡಿ-ಆರಡಿಯ ಕೋಣೆಯಲ್ಲಿ ಬಾಗಿಲು ಹಾಕಿ, ಕಿಂಡಿಯನ್ನೂ ಮುಚ್ಚಿದರೆ ಹತ್ತು ನಿಮಿಷದಲ್ಲಿ ಗಾಳಿ ಕೆಡುತ್ತದೆ. ಉರಿ ಪೂರ್ತಿಯಾಗದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ವಾಸನೆ ಬಂದು ಎಚ್ಚರಿಸುತ್ತದೆ, ಏಕೆಂದರೆ ಆ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಈ ವಿಷಕ್ಕೆ ವಾಸನೆ ಇಲ್ಲ, ಬಣ್ಣವಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ಕಾಲಿನ ಬಲ ಹೋಗುತ್ತದೆ. ಚಿಲಕ ತೆಗೆಯಬೇಕು ಎಂದು ಮನಸ್ಸಿಗೆ ಹೊಳೆದರೂ ಕೈ ಮೇಲೇಳುವುದಿಲ್ಲ. ನಿಮ್ಮ ಮಗಳು ತಾನಾಗಿ ಹೊರಗೆ ಬಂದಳಲ್ಲ, ಅದು ನಮ್ಮೆಲ್ಲರ ಪುಣ್ಯ.

'ಯಾರಿಗೂ ಏನೂ ಆಗಿಲ್ಲ' ಎನ್ನುವ ಮಾತನ್ನು ನಾನು ನೌಕರಿಯುದ್ದಕ್ಕೂ ಕೇಳಿದ್ದೇನೆ. ಚಳಿಗಾಲದಲ್ಲಿ ಎಲ್ಲ ಕಿಂಡಿಗಳನ್ನೂ ಮುಚ್ಚಿ, ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದ ದಿನ ಆ ಮಾತು ಸುಳ್ಳಾಗುತ್ತದೆ. ಸಾಮಾನ್ಯವಾಗಿ ಕೊನೆಗೆ ಸ್ನಾನಕ್ಕೆ ಹೋಗುವವರು ತಾಯಂದಿರು.

ಪರಿಹಾರ ದೊಡ್ಡದೇನಲ್ಲ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ತೆರೆದ ಗಾಳಿಯಿರುವ ಬಾಲ್ಕನಿಯಲ್ಲೋ ಹಿತ್ತಲ ಕಟ್ಟೆಯಲ್ಲೋ ಇರಬೇಕು. ಒಳಕ್ಕೆ ಬಿಸಿನೀರಿನ ಕೊಳವೆ ಮಾತ್ರ ಬಂದರೆ ಸಾಕು. ಅದಕ್ಕೆ ಜಾಗವಿಲ್ಲದಿದ್ದರೆ ವಿದ್ಯುತ್ ಗೀಸರ್ ಹಾಕಿಸಿಕೊಳ್ಳಿ. 'ಎಕ್ಸಾಸ್ಟ್ ಫ್ಯಾನ್ ಹಾಕಿಕೊಡುತ್ತೇನೆ' ಎಂದರೆ ಒಪ್ಪಬೇಡಿ. ಹೊಸ ಗಾಳಿ ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಆ ಫ್ಯಾನನ್ನು ನಂಬಿಕೊಂಡು ಗ್ಯಾಸ್ ಉರಿಸುವಂತಿಲ್ಲ. ಯಾರಾದರೂ ಒಳಗೆ ಬಿದ್ದರೆ ಬಾಗಿಲು ಮುರಿದು ಮೊದಲು ಗಾಳಿಗೆ ತನ್ನಿ, ಗ್ಯಾಸ್ ನಿಲ್ಲಿಸಿ. ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂದು ಬಾಯಿಬಿಟ್ಟು ಹೇಳಿ. ವೈದ್ಯರಿಗೆ ಆ ಒಂದು ಮಾತಿನಿಂದ ಎಷ್ಟೋ ಸಮಯ ಉಳಿಯುತ್ತದೆ.

ಇನ್ನು ಅಳತೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸ್ನಾನ, ಶೌಚ ಎರಡೂ ಒಂದೇ ಕಡೆ ಇದ್ದರೆ ನೆಲ 2.8 ಚದರ ಮೀಟರಿಗೆ ಕಡಿಮೆ ಇರಬಾರದು. ಎಂದರೆ ಸುಮಾರು ಮೂವತ್ತು ಚದರ ಅಡಿ. ನಿಮ್ಮದು ಇಪ್ಪತ್ತನಾಲ್ಕು. ಗಾಳಿಯ ಕಿಂಡಿ 0.3 ಚದರ ಮೀಟರ್ ಇರಬೇಕು, ಅಂದರೆ ಒಂದೂವರೆ ಅಡಿ ಅಗಲ, ಎರಡಡಿಗೆ ತುಸು ಹೆಚ್ಚು ಎತ್ತರ. ಥರ್ಮೋಕೋಲ್ ಕಿತ್ತು ಸೊಳ್ಳೆಪರದೆಯ ಜಾಲರಿ ಹೊಡೆಸಿ. ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಬಚ್ಚಲುಮನೆ ಇದ್ದದ್ದೇ ಮನೆಯ ಬೆನ್ನಿಗೆ, ಬೇರೆಯಾಗಿ. ಹಂಡೆಯ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೋಗುತ್ತಿತ್ತು. ಉರಿ ಇರುವ ಜಾಗವನ್ನು ಯಾರೂ ನಾಲ್ಕೂ ಕಡೆ ಮುಚ್ಚುತ್ತಿರಲಿಲ್ಲ.

ಪ್ರಶ್ನೆ: ಮೇಡಂ, ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದೇನೆ. ಬಾಡಿಗೆ 11,000, ಮುಂಗಡ ಒಂದು ಲಕ್ಷ. ಅಡುಗೆಮನೆಯಿಂದಲೇ ಶೌಚಾಲಯಕ್ಕೆ ಬಾಗಿಲು. ಅಡುಗೆಮನೆಯ ಒಂದೇ ಕಿಟಕಿ ಪೈಪುಗಳಿರುವ ಡಕ್ಟಿಗೆ ತೆರೆಯುತ್ತದೆ. ಒಗ್ಗರಣೆ ಹಾಕಿದರೆ ಮೇಲಿನ ಮನೆಯವರು ಕೆಮ್ಮುತ್ತಾರೆ. ಇದಕ್ಕೆ ನಿಯಮ ಇದೆಯೇ? ಬಾಡಿಗೆ ಕಾಯ್ದೆಯಡಿ ದೂರು ಕೊಡಬಹುದೇ?

ಉತ್ತರ: ನಿಯಮ ಇದೆ, ಬಹಳ ಸ್ಪಷ್ಟವಾಗಿಯೇ ಇದೆ. ಶೌಚಾಲಯದ ಬಾಗಿಲಾಗಲಿ ಕಿಟಕಿಯಾಗಲಿ ಅಡುಗೆ ಮಾಡುವ ಜಾಗಕ್ಕೆ ನೇರವಾಗಿ ತೆರೆಯಬಾರದು ಎಂದು ಸಂಹಿತೆ ಹೇಳುತ್ತದೆ. ಅಡುಗೆಮನೆಗೆ ನೀರು ಹೀರದ ನೆಲ ಬೇಕು. ಪಾತ್ರೆ ತೊಳೆದ ನೀರು ಜಾಲರಿ ಮತ್ತು ಟ್ರ್ಯಾಪ್ (ಚರಂಡಿಯ ವಾಸನೆ ಮೇಲೆ ಬಾರದಂತೆ ನೀರು ನಿಲ್ಲುವ ಬಾಗು) ಇರುವ ಕೊಳವೆಗೆ ಹೋಗಬೇಕು. ಊಟದ ಜಾಗ ಬೇರೆ ಇದ್ದರೆ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್. ಅಲ್ಲೇ ಊಟವೂ ಆಗುವುದಾದರೆ 7.5 ಚದರ ಮೀಟರ್. ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳು ಒಂದು ಚದರ ಮೀಟರಿನ ಕಿಟಕಿ ಬಯಲಿಗೇ ತೆರೆಯಬೇಕು, ಡಕ್ಟಿಗಲ್ಲ ಎನ್ನುತ್ತವೆ. ನಕ್ಷೆಯಲ್ಲಿ ಇದೆಲ್ಲ ಸರಿಯಾಗಿಯೇ ಇರುತ್ತದೆ. ಒಂದು ಮನೆಯ ನಕ್ಷೆಯಲ್ಲಿ ಎರಡು ಮನೆ ಕಟ್ಟಿ, ಉಳಿದ ಮೂಲೆಗೆ ಶೌಚಾಲಯ ತುರುಕಿದಾಗ ಬಾಗಿಲು ಅಡುಗೆಮನೆಗೆ ಬರುತ್ತದೆ. ನಾನು ಸ್ಥಳ ಪರಿಶೀಲನೆಗೆ ಹೋದಾಗಲೆಲ್ಲ ಕಂಡದ್ದು ಇದೇ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕಹಿಯಾಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಇಂದು ಬೆಂಗಳೂರಿನಲ್ಲಿ ಎಂತಹ ಮನೆ ಸಿಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹೀಗಾಗಿ ಬಾಡಿಗೆದಾರರಲ್ಲಿ ಬಹುಪಾಲು ಜನ ಬ್ರಿಟಿಷರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತಾರೆ. ಅದರ 108ನೆಯ ಕಲಮಿನಲ್ಲಿ ನಿಮಗೆ ಬೇಕಾದ ಎರಡು ಮಾತುಗಳಿವೆ. ತನಗೆ ಗೊತ್ತಿರುವ, ನೀವು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾಲೀಕರು ಮೊದಲೇ ಹೇಳಬೇಕು. ಮತ್ತು, ತಾವು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ನೀವೇ ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಅವರದು ಎನ್ನುವುದು ಕರಾರಿನಲ್ಲಿ ಇರಬೇಕು. ಕಣ್ಣಿಗೆ ಕಾಣುವ ಶೌಚಾಲಯದ ಬಾಗಿಲನ್ನು 'ಮುಚ್ಚಿಟ್ಟಿದ್ದರು' ಎಂದು ವಾದಿಸಲು ಆಗುವುದಿಲ್ಲ.

ಹನ್ನೊಂದು ತಿಂಗಳ ಕರಾರು ಮುಂದಿನ ಸಲ ಹೊಸದಾಗುವಾಗ ಒಂದು ಸಾಲು ಸೇರಿಸಲು ಕೇಳಿ: 'ನೀರಿನ ಕೊಳವೆ, ವಿದ್ಯುತ್ ತಂತಿ, ಗೋಡೆ-ಚಾವಣಿಯ ಸೋರಿಕೆ ಮತ್ತು ಗಾಳಿಯ ವ್ಯವಸ್ಥೆಯ ದುರಸ್ತಿ ಮಾಲೀಕರದು.' ಅಲ್ಲಿಯವರೆಗೆ ಶೌಚಾಲಯಕ್ಕೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಸ್ಪ್ರಿಂಗ್ ಹಾಕಿಸಿ, ಸಿಲಿಂಡರನ್ನು ಸ್ಟೌವಿಗಿಂತ ಕೆಳಗೆ, ನೆಲದ ಮೇಲೆಯೇ ಇಡಿ, ಗ್ಯಾಸಿನ ರಬ್ಬರ್ ಟ್ಯೂಬಿಗೆ ಐದು ವರ್ಷವಾಗಿದ್ದರೆ ಬದಲಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆರೆದು ಹೊರಬಂದು 1906ಕ್ಕೆ ಕರೆ ಮಾಡಿ.

ಪ್ರಶ್ನೆ: ಮಗಳು ಬೆಂಗಳೂರಿನ ಪಿ.ಜಿ.ಯಲ್ಲಿದ್ದಾಳೆ, ನಾಲ್ಕನೆಯ ಮಹಡಿ. ನೋಡಲು ಹೋದಾಗ ರಾತ್ರಿ ಹತ್ತೂವರೆಗೆ ಕೆಳಗಿನ ಕಬ್ಬಿಣದ ಗೇಟಿಗೆ ಬೀಗ ಹಾಕಿ, ಕೀಲಿಯನ್ನು ಮೇಲ್ವಿಚಾರಕರು ತಮ್ಮ ಕೋಣೆಗೆ ಒಯ್ದರು. ಕಿಟಕಿಗಳಿಗೆಲ್ಲ ಗ್ರಿಲ್. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್, ಅದಕ್ಕೆ ತಾಗಿಕೊಂಡೇ ಸ್ಕೂಟರುಗಳು. ಹೆಣ್ಣುಮಕ್ಕಳ ಭದ್ರತೆಗಾಗಿ ಬೀಗ ಎಂದರು. ದಾವಣಗೆರೆಗೆ ಬಂದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ಸ್ವಾಮಿ, ಆ ನಿದ್ದೆಗೇಡಿಗೆ ಕಾರಣವಿದೆ. ನೀವು ಬರೆದದ್ದನ್ನು ಚಿತ್ರದಂತೆ ಕಣ್ಣ ಮುಂದೆ ತಂದುಕೊಂಡೆ: ಬೆಂಕಿ ಹತ್ತಲು ಬೇಕಾದ ಎಲ್ಲವೂ ಮೆಟ್ಟಿಲ ಬುಡದಲ್ಲಿವೆ, ಹೊರಬರುವ ಏಕೈಕ ದಾರಿಯೂ ಅದೇ ಮೆಟ್ಟಿಲು. ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿ ಸ್ಕೂಟರಿಗೆ ಹತ್ತಿದರೆ ಮೆಟ್ಟಿಲಿರುವ ಜಾಗವೆಲ್ಲ ಹೊಗೆಗೊಳವೆಯಾಗುತ್ತದೆ. ಬೆಂಕಿ ಅವಘಡಗಳಲ್ಲಿ ಹೊಗೆಯೇ ಮೊದಲು ಕೊಲ್ಲುತ್ತದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಹೊಗೆ ಮೇಲಕ್ಕೇರಿತು, ತುರ್ತು ದಾರಿಗಳಿಗೆ ತಡೆ ಇತ್ತು, ಉಸಿರುಗಟ್ಟಿದವರು ಕಿಟಕಿ ಒಡೆದು ಕೆಳಗೆ ಹಾರಿದರು. ಒಂಬತ್ತು ಮಂದಿ ಸತ್ತರು. ನಾನಾಗ ಇನ್ನೂ ನೌಕರಿಯಲ್ಲಿದ್ದೆ. ಟಿ.ವಿ.ಯಲ್ಲಿ ಅದನ್ನು ನೋಡಿದ ಮರುದಿನದಿಂದ ಪರಿಶೀಲನೆಗೆ ಹೋದಲ್ಲೆಲ್ಲ ನಾನು ಮೊದಲು ನೋಡತೊಡಗಿದ್ದು ಬೀಗಗಳನ್ನು.

ಭದ್ರತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೊರಗಿನವರು ಒಳಗೆ ಬರಬಾರದು, ಸರಿ. ಆದರೆ ಒಳಗಿನವರು ಹೊರಗೆ ಹೋಗಲು ಕೀಲಿಗಾಗಿ ಯಾರನ್ನೂ ಎಬ್ಬಿಸುವಂತಿರಬಾರದು. ಹೊರಹೋಗುವ ಬಾಗಿಲನ್ನು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು ಎಂದು ಕಟ್ಟಡ ಸಂಹಿತೆಯಲ್ಲಿಯೇ ಇದೆ. ಹೊರಗಿನಿಂದ ಕೀಲಿ, ಒಳಗಿನಿಂದ ತಿರುಗಿಸುವ ಗುಬುಟು ಇರುವ ಬೀಗ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಪ್ರತಿ ಮಹಡಿಯಲ್ಲಿ ಒಂದು ಕಿಟಕಿಯ ಗ್ರಿಲ್ಲಾದರೂ ಕದದಂತೆ ತೆರೆಯಬೇಕು. ಮೆಟ್ಟಿಲು ಸಾಮಾನ್ಯ ವಾಸದ ಮನೆಗಳಲ್ಲೇ ಕನಿಷ್ಠ ಒಂದು ಮೀಟರ್ ಅಗಲ ಇರಬೇಕು, ಅದರ ಮೇಲೆ ಚಪ್ಪಲಿಯ ಕಪಾಟೂ ನೀರಿನ ಕ್ಯಾನೂ ಇರಕೂಡದು.

2024ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿದೆ: ಒಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಗ್ನಿ ಸುರಕ್ಷತೆಯ ಏರ್ಪಾಡು, ಪರವಾನಗಿ. ಮೊದಲು ಪರವಾನಗಿ ಇದೆಯೇ ಎಂದು ಕೇಳಿ. 2025ರ ಸೆಪ್ಟೆಂಬರಿನಿಂದ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ಪಿ.ಜಿ. ಯಾವುದಕ್ಕೆ ಸೇರುತ್ತದೋ ಅಲ್ಲಿಗೆ ಲಿಖಿತ ದೂರು ಕೊಡಿ. ಮಗಳ ಹೆಸರು ಬೇಡ, ತಂದೆಯಾಗಿ ನಿಮ್ಮ ಹೆಸರಿನಲ್ಲೇ ಕೊಡಿ. ಬೀಗ ಬದಲಾಗದಿದ್ದರೆ ಮಗಳು ಬೇರೆ ಕಡೆ ಹೋಗಲಿ, ಮುಂಗಡದಲ್ಲಿ ಒಂದಿಷ್ಟು ಮುರಿದುಕೊಂಡರೂ ಸರಿಯೇ.

ಇಂದು ರಾತ್ರಿಯೇ ಫೋನಿನಲ್ಲಿ ಅವಳಿಗೆ ಇಷ್ಟು ಹೇಳಿ. ಕತ್ತಲಲ್ಲಿ ಒಮ್ಮೆ ಗೋಡೆ ಮುಟ್ಟಿಕೊಂಡು ಕೋಣೆಯಿಂದ ಗೇಟಿನವರೆಗೆ ನಡೆದು ನೋಡಲಿ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಇಳಿಯುವ ಸಾಹಸ ಮಾಡದೆ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಒತ್ತಿ, ಕಿಟಕಿಯಲ್ಲಿ ಕಾಣಿಸಿಕೊಂಡು 112ಕ್ಕೋ 101ಕ್ಕೋ ಕರೆ ಮಾಡಲಿ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ಮೇಲಿನ ಮನೆ ಬಾಡಿಗೆಗೆ ಕೊಡಬೇಕು. ಕೈಯಲ್ಲಿ ಅರವತ್ತು ಸಾವಿರ ಇದೆ. ಅಡುಗೆ ಕಟ್ಟೆಗೆ ಗ್ರಾನೈಟ್, ಹಾಲಿಗೆ ಹೊಸ ಟೈಲ್ಸ್ ಹಾಕಿಸಿದರೆ ಬಾಡಿಗೆ ಹೆಚ್ಚು ಬರುತ್ತದೆ ಎನ್ನುತ್ತಾರೆ. ರಿಪೇರಿಗಳಲ್ಲಿ ಯಾವುದು ನನ್ನದು, ಯಾವುದು ಬಾಡಿಗೆಯವರದು?

ಉತ್ತರ: ಮೇಷ್ಟ್ರೇ, ಮಾಲೀಕರೊಬ್ಬರು ಈ ಪ್ರಶ್ನೆ ಕೇಳಿದ್ದು ನನಗೆ ನಿಜವಾಗಿ ಸಂತೋಷ ತಂದಿತು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯನ್ನು ಅನುಸರಿಸಿ. ಅದು ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಕಾನೂನು, ಆದರೆ ಹಂಚಿಕೆ ನ್ಯಾಯವಾಗಿದೆ. ಕಟ್ಟಡದ ಬಿರುಕು, ಸುಣ್ಣ-ಬಣ್ಣ, ಕೊಳವೆ ಮತ್ತು ತಂತಿ ನಿಮ್ಮದು. ನಲ್ಲಿಯ ವಾಷರ್, ಸ್ವಿಚ್ಚು, ಗೀಸರಿನ ರಿಪೇರಿ, ಚರಂಡಿ ಕಟ್ಟಿದರೆ ತೆಗೆಸುವುದು ಅವರದು. ಮುಂಗಡ ಎರಡು ತಿಂಗಳ ಬಾಡಿಗೆಗೆ ಮಿಗಬಾರದು ಎಂದೂ ಅದರಲ್ಲಿದೆ. ಹತ್ತು ತಿಂಗಳದ್ದು ಕೇಳುವ ನಮ್ಮ ರೂಢಿ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಗ್ರಾನೈಟ್ ಬಿಡಿ. ಮೊದಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚು ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ. ಒದ್ದೆ ಕೈಗೆ ಶಾಕ್ ಹೊಡೆದರೆ ಕ್ಷಣದಲ್ಲಿ ವಿದ್ಯುತ್ತನ್ನು ಕಡಿಯುವುದು ಆ ಆರ್‌ಸಿಸಿಬಿಯೇ. ಬಚ್ಚಲಿನ ನೆಲಕ್ಕೆ ಜಾರದ ಕಲ್ಲು, ಅಡುಗೆಮನೆಗೆ ಒಂದು ಎಕ್ಸಾಸ್ಟ್ ಫ್ಯಾನ್, ಬಚ್ಚಲಿನ ಬಾಗಿಲಿಗೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ. ಇಷ್ಟಾದ ಮೇಲೆ ದುಡ್ಡು ಉಳಿದರೆ ಟೈಲ್ಸ್ ನೋಡೋಣ. ಮತ್ತೊಂದು ಕೆಲಸಕ್ಕೆ ಖರ್ಚು ಬಹಳವಿಲ್ಲ: ತಾರಸಿಯ ಬಾಗಿಲ ಕೀಲಿಗೆ ಇನ್ನೊಂದು ಪ್ರತಿ ಮಾಡಿಸಿ, ಬಾಡಿಗೆಯವರು ಮನೆಗೆ ಬಂದ ದಿನವೇ ಅವರ ಕೈಗೆ ಕೊಡಿ.