ಮೊದಲು ಗಿರಾಕಿ, ಆಮೇಲೆ ಮಷೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉತ್ತರ ಕನ್ನಡದವು. ಅಡಿಕೆ ಕೆಲಸ ಮುಗಿದು ಮಳೆ ಶುರುವಾಗುವ ಮೊದಲು ಎಲ್ಲರಿಗೂ ಸ್ವಲ್ಪ ಯೋಚಿಸಲು ಬಿಡುವು ಸಿಕ್ಕಿರಬೇಕು. ಎಲ್ಲರದ್ದೂ ಸ್ವಂತ ದುಡಿಮೆಯ ಮಾತೇ ಆದ್ದರಿಂದ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಕೆಲವರು ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ!

ಪ್ರಶ್ನೆ: ನನ್ನ ವಯಸ್ಸು 24, ಬಿ.ಕಾಂ. ಆಗಿದೆ. ಶಿರಸಿ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಬೆಟ್ಟದಲ್ಲಿ ಮುರುಗಲು (ಕೋಕಂ) ಮರಗಳಿವೆ, ಪ್ರತಿ ವರ್ಷ ಹಣ್ಣು ಉದುರಿ ಹಾಳಾಗುತ್ತದೆ. ಮುರುಗಲು ಶರಬತ್ತಿನ ಘಟಕ ಹಾಕಬೇಕು ಅಂತ ಆಸೆ. 8 ಲಕ್ಷದ ಮಷೀನಿಗೆ ಕೊಟೇಶನ್ ತರಿಸಿದ್ದೇನೆ. ಅಪ್ಪಯ್ಯ ಮಾತ್ರ ‘ಸುಮ್ನೆ ಬೆಂಗಳೂರಿಗೆ ಹೋಗು’ ಅನ್ನುತ್ತಾರೆ. ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಅಪ್ಪಯ್ಯನನ್ನು ಒಪ್ಪಿಸುವುದು ಆಮೇಲಿನ ಮಾತು ತಮ್ಮಾ. ನಿನ್ನ ಪತ್ರದಲ್ಲಿ ಮಷೀನಿನ ವರ್ಣನೆಯೇ ಒಂದೂವರೆ ಪುಟ ಇದೆ, ಯಾರಿಗೆ ಮಾರುತ್ತೀಯ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ಕಾಲದಲ್ಲೂ ಇದೇ ಕಥೆ. ಹುಡುಗರು ಕೊಟೇಶನ್ ತರುತ್ತಿದ್ದರು, ಪ್ರಾಜೆಕ್ಟ್ ರಿಪೋರ್ಟ್ ತರುತ್ತಿದ್ದರು, ಅದರಲ್ಲಿ ಮೂರನೇ ವರ್ಷಕ್ಕೆ ಬರುವ ಲಾಭ ಕೂಡ ಟೈಪ್ ಆಗಿರುತ್ತಿತ್ತು. ‘ಇದುವರೆಗೆ ಯಾರಾದ್ರೂ ದುಡ್ಡು ಕೊಟ್ಟು ತಗೊಂಡಿದ್ದಾರಾ?’ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಿದ್ದರು.

ಸ್ವಲ್ಪ ಲೆಕ್ಕ ಹಾಕೋಣ. ಇವು ಉದಾಹರಣೆಗೆ ಹಿಡಿದ ಅಂಕಿ, ನಿನ್ನದನ್ನು ನೀನೇ ತುಂಬಿಕೋ. ಬಾಟಲಿಗೆ 120 ರೂಪಾಯಿ ಬೆಲೆ ಹಾಕಿದೆ ಅಂತಿಟ್ಟುಕೋ. ಅಂಗಡಿಯವರ ಪಾಲು 30 ಹೋದರೆ ನಿನ್ನ ಕೈಗೆ 90. ಸಕ್ಕರೆ, ಬಾಟಲಿ, ಮುಚ್ಚಳ, ಲೇಬಲ್, ಹಣ್ಣು ಕೊಯ್ದವರ ಕೂಲಿ, ಸಾಗಾಟ, ಒಡೆದು ಹೋದದ್ದು, ರುಚಿ ನೋಡಿ ಅಂತ ಪುಕ್ಕಟೆ ಕೊಟ್ಟದ್ದು, ಎಲ್ಲ ಸೇರಿ 70. ಉಳಿಯಿತು 20. ಈಗ 8 ಲಕ್ಷ ಸಾಲವನ್ನು ಶೇ. 11ರ ಬಡ್ಡಿಗೆ 5 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 17,400. ಅಂದರೆ ನಿನ್ನ ಮತ್ತು ಆಯಿಯ (ಅಮ್ಮನ) ದುಡಿಮೆಗೆ ಒಂದು ರೂಪಾಯಿ ಹಿಡಿಯದೆ, ಬರೀ ಕಂತು ಕಟ್ಟಲು ತಿಂಗಳಿಗೆ 870 ಬಾಟಲಿ ಮಾರಬೇಕು. ಅದೂ ಹನ್ನೆರಡು ತಿಂಗಳು. ಜುಲೈಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ತಣ್ಣನೆಯ ಶರಬತ್ತು ಯಾರು ಕುಡಿಯುತ್ತಾರೆ ಹೇಳು? ಹಣ್ಣು ಸಿಗುವುದೂ ಬೇಸಿಗೆಯ ಕೊನೆಯ ಕೆಲವು ವಾರ ಮಾತ್ರ. ಮಷೀನು ವರ್ಷದ ಬಹುಪಾಲು ಸುಮ್ಮನೆ ಕೂತಿರುತ್ತದೆ, ಬಡ್ಡಿ ಕೂತಿರುವುದಿಲ್ಲ.

ಹಾಗಂತ ಬಿಟ್ಟುಬಿಡು ಅನ್ನುತ್ತಿಲ್ಲ. ಈ ಒಂದು ಹಂಗಾಮು ಆಯಿಯ ಭರಣಿಯಲ್ಲೇ ಮಾಡು. ಹಣ್ಣು ಹೋಳು ಮಾಡಿ, ಬೀಜ ಬೇರೆ ತೆಗೆದು, ಸಿಪ್ಪೆ ಒಂದು ಪದರ ಸಕ್ಕರೆ ಒಂದು ಪದರ ಹಾಕಿ ಬಿಸಿಲಿಗಿಟ್ಟರೆ ಕೆಂಪು ರಸ ತಾನೇ ಬಿಡುತ್ತದೆ, ಇದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸವೇ. ಆದರೆ ಮನೆಗೆ ಮಾಡುವುದು ಬೇರೆ, ಮಾರಲು ಮಾಡುವುದು ಬೇರೆ. ಸಕ್ಕರೆ ಕಡಿಮೆ ಬಿದ್ದರೆ, ಒದ್ದೆ ಸೌಟು ತಾಗಿದರೆ, ಮೂರು ವಾರಕ್ಕೆ ಒಳಗೆ ಗುಳ್ಳೆ ಏಳುತ್ತದೆ, ಮುಚ್ಚಳ ತೆಗೆಯುವಾಗ ಟಪ್ ಅಂತ ಹಾರುತ್ತದೆ. ಮನೆಯಲ್ಲಾದರೆ ನಗುತ್ತೀರಿ, ಗಿರಾಕಿಯ ಬಿಳಿ ಅಂಗಿಯ ಮೇಲೆ ಆದರೆ ಆ ಮನೆಯ ವ್ಯಾಪಾರ ಅಲ್ಲಿಗೇ ಮುಗಿಯಿತು. ಪ್ರತಿ ಭರಣಿಗೆ ನಂಬರ್ ಹಾಕಿ, ಎಷ್ಟು ಹಣ್ಣು, ಎಷ್ಟು ಸಕ್ಕರೆ, ಯಾವ ದಿನ ಅಂತ ಬರೆದಿಡು. ಬೀಜವನ್ನೂ ಎಸೆಯಬೇಡ, ಅದರಿಂದ ತೆಗೆಯುವ ಮುರುಗಲ ತುಪ್ಪಕ್ಕೆ ಕೇಳುವವರು ಇದ್ದಾರೆ.

ಇನ್ನೂರು ಬಾಟಲಿ ಸಾಕು. ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ, ಅದನ್ನು ಮಾಡಿಸಿಯೇ ಮಾರು. ಹಲಸಿನ ಮೇಳದಲ್ಲಿ ಒಂದು ಮೇಜು ಹಾಕು, ಗೋಕರ್ಣದ ಕಡೆಯ ಹೋಟೆಲು, ಹೋಂಸ್ಟೇಗಳಿಗೆ ಹೋಗಿ ಕುಡಿಸಿ ನೋಡು. ಬೆಂಗಳೂರಿನ ಚಿಕ್ಕಪ್ಪ, ಅತ್ತೆ ಎಲ್ಲ ಪ್ರೀತಿಗೆ ತಗೊಳ್ಳುತ್ತಾರೆ, ಅದನ್ನು ವ್ಯಾಪಾರ ಅಂತ ಹಿಡಿಯಬೇಡ. ಗುರುತಿಲ್ಲದವರು ಎರಡನೇ ಸಲ ಫೋನ್ ಮಾಡಿ ‘ಇನ್ನೂ ಇದೆಯಾ?’ ಅಂತ ಕೇಳಿದರೆ ಅವರ ಹೆಸರು ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ. ಮುಂದಿನ ವರ್ಷ ಬ್ಯಾಂಕಿಗೆ ಒಯ್ಯಬೇಕಾದ್ದು ಆ ಪುಸ್ತಕ. ಅಪ್ಪಯ್ಯನ ಮುಂದೆ ಇಡಬೇಕಾದ್ದೂ ಅದೇ. ನಿಮ್ಮೂರಿನ ಹಿರಿಯರು 1923ರಲ್ಲಿ ಸೇರಿ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಕಟ್ಟಿದ್ದು ಅಡಿಕೆ ಬೆಳೆಯಲು ಬಾರದೆ ಅಲ್ಲ, ಬೆಳೆದದ್ದನ್ನು ಸರಿಯಾದ ಬೆಲೆಗೆ ಮಾರಲು ತಮ್ಮದೇ ಒಂದು ಜಾಗ ಬೇಕಿತ್ತು ಅಂತ. ಅಪ್ಪಯ್ಯನಿಗೆ ಈ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ, ಮಷೀನಿನ ಕೊಟೇಶನ್ ಅರ್ಥವಾಗುವುದಿಲ್ಲ, ಅದರಲ್ಲಿ ಅವರ ತಪ್ಪಿಲ್ಲ.

ಪ್ರಶ್ನೆ: ಹೊನ್ನಾವರದ ಹತ್ತಿರದ ಹಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಕೈ ತುಂಬ ಕೆಲಸವಿದೆ. ಎರಡು ಮಷೀನು ಹಾಕಿ ಇನ್ನಿಬ್ಬರನ್ನು ಸೇರಿಸಿಕೊಳ್ಳಲು 3 ಲಕ್ಷ ಬೇಕು. ಬ್ಯಾಂಕಿನಲ್ಲಿ ಜಾಗದ ಪತ್ರ ಕೇಳಿದರು. ಇನ್ನೊಬ್ಬರು ‘ಸಬ್ಸಿಡಿ ಮಾಡಿಸಿ ಕೊಡುತ್ತೇನೆ, ಶೇಕಡಾ 10 ನನಗೆ’ ಅನ್ನುತ್ತಿದ್ದಾರೆ.

ಉತ್ತರ: ಆ ಇನ್ನೊಬ್ಬರಿಗೆ ಒಂದು ಚಹಾ ಕೊಟ್ಟು ಕಳಿಸಿ ಅಕ್ಕಾ. ಶೇಕಡಾ 10 ಬೇಡ. ಅರ್ಜಿ ಆನ್‌ಲೈನಿನಲ್ಲೇ ಹಾಕಲು ಬರುತ್ತದೆ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಸಣ್ಣ ಉದ್ಯಮಕ್ಕೆ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕೆ ಜಾಗದ ಪತ್ರ, ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೇಂದ್ರ ಸರ್ಕಾರದ ಸಣ್ಣ ಉದ್ಯಮದ ಸಾಲ ಯೋಜನೆ ಮುದ್ರಾದಲ್ಲಿ 50 ಸಾವಿರದಿಂದ 5 ಲಕ್ಷದವರೆಗಿನದಕ್ಕೆ ಕಿಶೋರ್ ಅನ್ನುತ್ತಾರೆ, ನಿಮ್ಮದು ಅದರೊಳಗೆ ಬರುತ್ತದೆ. ಜಗಳಕ್ಕೆ ಹೋಗಬೇಡಿ, ‘ಅಡಮಾನ ಯಾಕೆ ಬೇಕು ಅಂತ ಬರೆದು ಕೊಡಿ ಸರ್’ ಅಂತ ಮೆತ್ತಗೆ ಕೇಳಿ. ಬರೆದು ಕೊಡಲು ಯಾರಿಗೂ ಮನಸ್ಸಿರುವುದಿಲ್ಲ.

ಹೊಸದಾಗಿಯೇ ಘಟಕ ಅಂತ ಮಾಡುವುದಾದರೆ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ ಪಿಎಂಇಜಿಪಿ ನೋಡಬಹುದು. ಹಳ್ಳಿಯ ಹೆಂಗಸರಿಗೆ ಶೇ. 35 ಸಬ್ಸಿಡಿ, ಕೈಯಿಂದ ಹಾಕಬೇಕಾದ್ದು ಶೇ. 5. ಆದರೆ ಒಂದು ವಿಷಯವನ್ನು ಏಜೆಂಟರು ಹೇಳುವುದಿಲ್ಲ, ಗಮನಿಸಿ. ಸಬ್ಸಿಡಿ ನಗದಾಗಿ ಕೈಗೆ ಬರುವುದಿಲ್ಲ. ಅದು ನಿಮ್ಮ ಹೆಸರಿನಲ್ಲಿ 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿದ್ದು, ಘಟಕ ನಿಜವಾಗಿ ನಡೆಯುತ್ತಿದೆ ಅಂತ ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಆ ದುಡ್ಡಿನಲ್ಲಿ ಅಂಗಡಿಯ ಮುಂಗಡ ಕಟ್ಟೋಣ, ಮಗಳ ಫೀಸು ಕಟ್ಟೋಣ ಅಂತೆಲ್ಲ ಅಂದುಕೊಂಡರೆ ಮೋಸ ಹೋಗುತ್ತೀರಿ. ಸೇರಿಸಿಕೊಳ್ಳುವ ಇಬ್ಬರಿಗೆ ಕೆಲಸ ಬಾರದಿದ್ದರೆ ಹಳಿಯಾಳದ ಸ್ವಉದ್ಯೋಗ ತರಬೇತಿ ಸಂಸ್ಥೆ, ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಗೆ ಕಳಿಸಿ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಹೆಣ್ಣುಮಕ್ಕಳು ಮನೆ ಬಿಟ್ಟು ಅಷ್ಟು ದಿನ ಹೋಗಲು ಮನೆಯವರು ಒಪ್ಪುವುದೇ ಕಷ್ಟ, ನೀವೇ ಒಮ್ಮೆ ಜೊತೆಗೆ ಹೋಗಿ ಜಾಗ ತೋರಿಸಿ ಬಂದರೆ ಒಪ್ಪುತ್ತಾರೆ.

ಪ್ರಶ್ನೆ: ಕಾರವಾರದವಳು, ಎಂ.ಎ. ಓದುತ್ತಿದ್ದೇನೆ. ಅಮ್ಮ ಮತ್ತು ಅವರ ಸಂಘದ ಹೆಂಗಸರು ಮೀನು ಒಣಗಿಸಿ ಮಾರುತ್ತಾರೆ. ಪ್ಯಾಕೆಟ್ ಮಾಡಿ, ಹೆಸರಿಟ್ಟು, ಆನ್‌ಲೈನ್ ಮಾರೋಣ ಅಂದರೆ ಅವರಿಗೆ ಉತ್ಸಾಹವಿಲ್ಲ. ಸಂಘದಲ್ಲಿ ಮಾತೂ ಕೂಡುವುದಿಲ್ಲ.

ಉತ್ತರ: ಅವರಿಗೆ ಉತ್ಸಾಹವಿಲ್ಲ ಅಂತಲ್ಲ ತಂಗೀ, ಬೆಳಗ್ಗೆ ಬಂದರಿನಲ್ಲಿ ಬುಟ್ಟಿ ಹಿಡಿದು ನಿಂತು, ಹರಾಜು ಕೂಗಿ, ಮಧ್ಯಾಹ್ನ ಬಿಸಿಲಲ್ಲಿ ಮೀನು ಮಗುಚಿ ಬಂದವರಿಗೆ ಸಂಜೆ ನಿನ್ನ ಲೋಗೋ ನೋಡುವ ಶಕ್ತಿ ಇರುವುದಿಲ್ಲ. ಅವರು ವ್ಯಾಪಾರಸ್ಥರೇ. ನಿನಗಿಂತ ಚೆನ್ನಾಗಿ ಮಾರಲು ಬರುತ್ತದೆ ಅವರಿಗೆ. ನೀನು ಹೊಸದಾಗಿ ಏನು ಕೊಡಬಹುದು ಅನ್ನುವುದನ್ನು ಮಾತ್ರ ನೋಡು.

ನನ್ನ ಪ್ರಕಾರ ಮೊದಲನೆಯದು ಮರಳು. ಒಣ ಶೆಟ್ಲಿ (ಸಿಗಡಿ) ತಗೊಂಡವರ ದೊಡ್ಡ ದೂರು ಏನು? ಹಲ್ಲಿಗೆ ಮರಳು ಸಿಗುತ್ತದೆ ಅಂತ. ದಂಡೆಯ ಮೇಲೆ ಹರಡುವ ಬದಲು ಸೊಂಟದೆತ್ತರಕ್ಕೆ ಕಂಬ ನೆಟ್ಟು ಬಲೆ ಕಟ್ಟಿ ಅದರ ಮೇಲೆ ಒಣಗಿಸಿದರೆ ಗಾಳಿ ಕೆಳಗಿನಿಂದಲೂ ಆಡುತ್ತದೆ, ಬೇಗ ಒಣಗುತ್ತದೆ, ನಾಯಿ ಕಾಟವೂ ಕಡಿಮೆ. ಹಳೆಯ ಬಲೆ ನಿಮ್ಮಲ್ಲಿ ಬೇಕಾದಷ್ಟಿದೆ, ಖರ್ಚು ಕಂಬದ್ದು ಮಾತ್ರ. ಹೀಗೆ ಒಣಗಿಸಿದ್ದನ್ನು ತಲೆ ಮುರಿದು, ಜರಡಿ ಹಿಡಿದು, ಕಾಲು ಕಿಲೋ ಪ್ಯಾಕೆಟ್ ಮಾಡಿ ಭಾನುವಾರದ ಸಂತೆಯಲ್ಲಿ ಮಾಮೂಲಿ ಮಾಲಿನ ಪಕ್ಕದಲ್ಲೇ ಬೇರೆ ರಾಶಿ ಇಟ್ಟು, ಬೇರೆ ದರ ಹೇಳಿ ನೋಡಿ. ಹೆಚ್ಚಿಗೆ ಕೊಟ್ಟು ತಗೊಳ್ಳುವವರು ಇದ್ದಾರಾ ಅಂತ ಎರಡು ಸಂತೆಯಲ್ಲಿ ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವಲ್ಲ, ಆ 61 ದಿನ ಒಣ ಮೀನಿನದ್ದೇ ಕಾಲ. ಮೇ ತಿಂಗಳಲ್ಲಿ ಅವಸರಕ್ಕೆ ಮಾರದೆ ಗಟ್ಟಿ ಪ್ಯಾಕೆಟಿನಲ್ಲಿ ಉಳಿಸಿಕೊಂಡವರಿಗೆ ದರ ಸಿಗುತ್ತದೆ. ಮಳೆಗಾಲದ ಗಾಳಿಗೆ ತೆಳು ಪ್ಲಾಸ್ಟಿಕ್ ಚೀಲ ಉಪಯೋಗವಿಲ್ಲ, ತಂಪು ಹಿಡಿದು ಮೆತ್ತಗಾಗಿ ಬೂಸು ಬರುತ್ತದೆ, ಹಾಗಾಗಿ ದುಡ್ಡು ಹಾಕುವುದಿದ್ದರೆ ಮೊದಲು ದಪ್ಪ ಕವರಿಗೆ ಮತ್ತು ಸೀಲಿಂಗ್ ಮಷೀನಿಗೆ ಹಾಕಿ.

ಸಂಘದ ಜಗಳಕ್ಕೆ ಕಾರಣ ಬಹಳ ಸಲ ಒಂದೇ, ಯಾರು ಎಷ್ಟು ಗಂಟೆ ದುಡಿದರು ಅನ್ನುವುದಕ್ಕೆ ಲೆಕ್ಕವಿರುವುದಿಲ್ಲ, ಲಾಭ ಮಾತ್ರ ಸಮಪಾಲು. ದುಡಿದ ದಿನದ ಕೂಲಿ ಆಯಾ ವಾರವೇ ಕೊಟ್ಟು, ಉಳಿದದ್ದನ್ನು ಮಾತ್ರ ವರ್ಷದ ಕೊನೆಗೆ ಹಂಚುವುದು ಅಂತ ಮಾಡಿಸು. ಆ ಲೆಕ್ಕದ ಪುಸ್ತಕ ಬರೆಯುವ ಕೆಲಸ ನಿನ್ನದು. ಆಹಾರ ಸಂಸ್ಕರಣೆ ಮಾಡುವ ಸ್ವಸಹಾಯ ಸಂಘಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜಧನ (ಶುರುವಿನ ಬಂಡವಾಳ) ಇಟ್ಟಿದ್ದರು. ಈ ವರ್ಷ ಅನುದಾನ ಇದೆಯೇ ಅಂತ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ವಿಚಾರಿಸು. ಸಿಕ್ಕರೆ ಒಳ್ಳೆಯದು, ಅದಕ್ಕೇ ಕಾಯುತ್ತ ಕೂರಬೇಡ.

ಪ್ರಶ್ನೆ: ಅಂಕೋಲಾ ಕಡೆಯ ಕಾಲೇಜಿನಲ್ಲಿ ಉಪನ್ಯಾಸಕಿ. ವಿದ್ಯಾರ್ಥಿಗಳಲ್ಲಿ ಉದ್ಯಮದ ಆಸಕ್ತಿ ಬೆಳೆಸಲು ಒಂದು ದಿನದ ಕಾರ್ಯಾಗಾರ ಮಾಡಬೇಕೆಂದಿದ್ದೇವೆ. ಯಾರನ್ನು ಕರೆಯಬಹುದು?

ಉತ್ತರ: ಯಾರನ್ನೂ ಕರೆಯಬೇಡಿ ಮೇಡಂ! ಶಾಲು, ಹಾರ, ನೆನಪಿನ ಕಾಣಿಕೆ, ಊಟ ಅಂತ ಖರ್ಚು ಮಾಡುವ ದುಡ್ಡನ್ನು ಮಕ್ಕಳಿಗೇ ಕೊಡಿ. ಐದೈದು ಜನರ ಗುಂಪಿಗೆ 500 ರೂಪಾಯಿ. ಒಂದು ತಿಂಗಳು ಟೈಮು. ತಿಂಗಳ ಕೊನೆಗೆ ಅಸಲು ವಾಪಸ್, ಲಾಭ ಅವರದ್ದು, ಲೆಕ್ಕ ಕ್ಲಾಸಿನಲ್ಲಿ ಎಲ್ಲರ ಮುಂದೆ ಓದಬೇಕು. ನಷ್ಟವಾದರೆ ಬೈಯುವ ಹಾಗಿಲ್ಲ, ಲೆಕ್ಕ ತಪ್ಪು ಕೊಟ್ಟರೆ ಮಾತ್ರ ಬೈಯಿರಿ.

ವಿಷಯಕ್ಕೇನು ಬರ? ನಿಮ್ಮ ಕರಿ ಈಶಾಡು ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆ. ಪೇಪರಿನಲ್ಲಿ ಬಂತು, ಎಲ್ಲರೂ ಹೆಮ್ಮೆಪಟ್ಟೆವು. ಆದರೆ ಜಿಐ ತಾನಾಗಿ ಹೋಗಿ ಹಣ್ಣು ಮಾರುವುದಿಲ್ಲ ಅಲ್ವಾ? ಹಂಗಾಮು ಚಿಕ್ಕದು, ಹಣ್ಣಾದ ಮೇಲೆ ಹೆಚ್ಚು ದಿನ ತಡೆಯುವುದಿಲ್ಲ, ಬುಟ್ಟಿ ಹೊತ್ತು ತರುವ ಹೆಂಗಸರು ಸಂಜೆಯೊಳಗೆ ಸಿಕ್ಕ ದರಕ್ಕೆ ಕೊಟ್ಟು ಹೋಗಬೇಕು. ಒಂದು ಗುಂಪಿಗೆ ಇದನ್ನೇ ಕೊಡಿ: ಆ ಹೆಂಗಸರಿಂದ ಅವರು ಹೇಳಿದ ದರಕ್ಕೇ ಕೊಂಡು, ಸ್ವಲ್ಪ ಗಟ್ಟಿ ಇರುವಾಗಲೇ ಹುಲ್ಲು ಹಾಕಿ ಡಬ್ಬಿ ಕಟ್ಟಿ, ಹುಬ್ಬಳ್ಳಿಯ ಹತ್ತು ಮನೆಗೆ ಮುಟ್ಟಿಸಿ ಬರಲಿ. ಎಷ್ಟು ಹಣ್ಣು ದಾರಿಯಲ್ಲಿ ಒಡೆಯಿತು, ಬಸ್ಸಿನವರಿಗೆ ಎಷ್ಟು ಕೊಟ್ಟರು, ಗಿರಾಕಿ ಏನೆಂದರು ಅನ್ನುವುದನ್ನು ಬರೆದು ತರಲಿ. ಚೌಕಾಸಿ ಮಾಡುವುದನ್ನೇ ಜಾಣತನ ಅಂತ ಮಕ್ಕಳಿಗೆ ಕಲಿಸಬೇಡಿ ಅನ್ನುವುದು ನನ್ನದೊಂದು ಹಟ.

ತಂದೆ ತಾಯಿ ಬಂದು ‘ನಮ್ಮ ಮಗ ಮಾವಿನಹಣ್ಣು ಮಾರಲು ಕಾಲೇಜಿಗೆ ಬಂದಿದ್ದಾ?’ ಅಂತ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಪ್ರಿನ್ಸಿಪಾಲರಿಗೆ ಮೊದಲೇ ಹೇಳಿಟ್ಟಿರಿ.

ಪ್ರಶ್ನೆ: ಯಲ್ಲಾಪುರದಲ್ಲಿ ಜೇನು ಸಾಕಿ ತುಪ್ಪ ಬಾಟಲಿ ಮಾಡಿ ಮಾರುತ್ತೇನೆ. ಮಾಲು ಚೆನ್ನಾಗಿ ಹೋಗುತ್ತದೆ, ದುಡ್ಡು ಬರುವುದಿಲ್ಲ. ಅಂಗಡಿಯವರು ಎಲ್ಲ ಗುರುತಿನವರು. ಒಬ್ಬರದ್ದೇ 6 ಸಾವಿರ ಬಾಕಿ.

ಉತ್ತರ: ಊರಿನ ಹುಡುಗರು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ ಸಭೆಯಲ್ಲಿ ಮಾತಾಡುವವರೇ ಅದೇ ಹುಡುಗರ ಬಿಲ್ಲನ್ನು ಮೂರು ತಿಂಗಳು ಮೊಳೆಗೆ ಚುಚ್ಚಿಡುತ್ತಾರೆ. ಇದನ್ನು ಬರೆದೇ ಬಿಡುತ್ತೇನೆ, ಓದಿದವರಿಗೆ ನಾಟಿದರೆ ನಾಟಲಿ.

ಕಾನೂನು ನಿಮ್ಮ ಕಡೆ ಇದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪುಕ್ಕಟೆ, ಮಾಡಿಸಿಕೊಳ್ಳಿ. 2006ರ ಸಣ್ಣ ಉದ್ಯಮಗಳ, ಅಂದರೆ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮಾಲು ತಗೊಂಡವರು ಕರಾರು ಇದ್ದರೂ 45 ದಿನ ಮೀರದಂತೆ, ಕರಾರು ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಹೊರಗಿನ ದೊಡ್ಡ ಕಂಪನಿಗೆ ಮಾಲು ಕೊಡುವಾಗ ಇದು ಕೆಲಸಕ್ಕೆ ಬರುತ್ತದೆ. ಪಕ್ಕದ ಬೀದಿಯ ಅಂಗಡಿಯವರ ಮೇಲೆ ಅರ್ಜಿ ಹಾಕಿ ಆಮೇಲೆ ಅದೇ ಊರಲ್ಲಿ ಬದುಕುವುದು ಹೇಗೆ ಅಂತ ನನಗೂ ಗೊತ್ತು. ಹಾಗಾಗಿ ಇಂದಿನಿಂದ ಒಂದೇ ನಿಯಮ ಇಟ್ಟುಕೊಳ್ಳಿ, ಹಿಂದಿನ ಬಿಲ್ ಚುಕ್ತಾ ಆಗದೆ ಮುಂದಿನ ಬಾಟಲಿ ಇಲ್ಲ. ಎಲ್ಲರಿಗೂ ಅದೇ ನಿಯಮ, ಮಾವನ ಅಂಗಡಿಗೂ. ಉದ್ರಿ ಕೇಳಿದರೆ ‘ಜೇನು ಪೆಟ್ಟಿಗೆಗೆ ಸಾಲ ಮಾಡಿದ್ದೇನೆ, ಕಂತು ಕಟ್ಟಬೇಕು’ ಅಂತ ನಗುತ್ತಲೇ ಹೇಳಿ.

ಆ 6 ಸಾವಿರಕ್ಕೆ ಬೇರೆ ದಾರಿ ಇದೆ. ಅವರದ್ದು ಕಿರಾಣಿ ಅಂಗಡಿ ಅಂತ ಬರೆದಿದ್ದೀರಿ. ಈ ತಿಂಗಳ ಅಕ್ಕಿ, ಎಣ್ಣೆ, ಸಾಬೂನು ಎಲ್ಲ ಅಲ್ಲೇ ತಗೊಂಡು ‘ಬಾಕಿಗೆ ವಜಾ ಮಾಡಿಕೊಳ್ಳಿ’ ಅನ್ನಿ. ಮುಂದಿನ ತಿಂಗಳೂ ಅಷ್ಟೇ. ಮುಖ ಸ್ವಲ್ಪ ಸಣ್ಣದಾಗುತ್ತದೆ, ಆದರೆ ಬೇಡ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ.