ಹಳೆಯ ಅಂಬಾಸಿಡರ್ ರೇಡಿಯೇಟರ್ ಸಣ್ಣಗೆ ಸೋರುತ್ತಿದೆ, ಮನೆಯಲ್ಲೇ ಸರಿ ಮಾಡಬಹುದೇ?

ಮಾಡಬಹುದು. ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳ ಮೂಲ ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ಬೆಸುಗೆ ಹಿಡಿಯುತ್ತದೆ. ಯಾರಾದರೂ ಬದಲಿಸಿ ಅಲ್ಯೂಮಿನಿಯಂನದು ಹಾಕಿದ್ದರೆ ಈ ಉತ್ತರ ನಿಮಗಲ್ಲ.

ಮೊದಲು ಎಲ್ಲಿ ಸೋರುತ್ತಿದೆ ನೋಡಿ. ಎಷ್ಟೋ ಸಲ ತಪ್ಪು ಹೋಸ್ ಪೈಪಿನ ಕ್ಲಿಪ್ಪಿನದೋ ಮುಚ್ಚಳದ ರಬ್ಬರಿನದೋ ಇರುತ್ತದೆ. ಎಂಜಿನ್ ಬಿಸಿಯಿದ್ದಾಗ ಮುಚ್ಚಳ ಮುಟ್ಟಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಹಸಿರು ಅಥವಾ ಬಿಳಿ ಕಲೆ ಒಣಗಿ ಕೂತಿದೆಯಲ್ಲ, ತೂತು ಅಲ್ಲೇ.

ನೀರು ಪೂರ್ತಿ ಇಳಿಸಿ, ಆ ಜಾಗವನ್ನು ವೈರ್ ಬ್ರಶ್ಶಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಹಚ್ಚುವ ಲೇಪ) ಹಚ್ಚಿ, ತೂತಿನ ಮೇಲೆ ಬೆಸುಗೆ ಕರಗಿಸಿ ಕೂರಿಸಿ. ಟಿವಿ ರಿಪೇರಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು, ಹಿತ್ತಾಳೆ ಕಾವನ್ನೆಲ್ಲ ನುಂಗಿಬಿಡುತ್ತದೆ. 100 ವ್ಯಾಟ್ ಮೇಲಿನದು ಬೇಕು. ಬ್ಲೋ ಲ್ಯಾಂಪಿನ ಬೆಂಕಿ ಹಿಡಿದಿರೋ, ಬೆಸುಗೆಯಿಂದಲೇ ನಿಂತ ಪಕ್ಕದ ಜೋಡಣೆಯೂ ಬಿಚ್ಚಿಕೊಂಡೀತು. 60/40 ತವರ-ಸೀಸದ ಬೆಸುಗೆ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕರಗುತ್ತದೆ. ಅಕ್ಕಪಕ್ಕ ಒದ್ದೆ ಬಟ್ಟೆ ಸುತ್ತಿ. ಹೊಗೆ ಕುಡಿಯದಂತೆ ಅಂಗಳದಲ್ಲೇ ಕೂತು ಮಾಡಿ.

ತೂತು ಸೂಜಿಮೊನೆಯಷ್ಟಿದ್ದರೆ ಎಪಾಕ್ಸಿ ಅಂಟೂ ನಡೆದೀತು, ತಾತ್ಕಾಲಿಕವಾಗಿ.

ಸೋರಿಕೆ ನಿಲ್ಲಲೆಂದು ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು ನಮ್ಮ ಡ್ರೈವರ್‌ಗಳ ಹಳೇ ಉಪಾಯ. ಕೊಲ್ಹಾರದ ಹತ್ತಿರ ರಾತ್ರಿ ಸಿಕ್ಕಿಬಿದ್ದರೆ ನಾನೂ ಸುರಿದೇನು; ಆದರೆ ಅದು ಸಣ್ಣ ಕೊಳವೆಗಳನ್ನೂ ಕಟ್ಟಿಸುತ್ತದೆ, ಮನೆ ಮುಟ್ಟಿದ ಮೇಲೆ ತೊಳೆಯಲೇಬೇಕು. ಆಮೇಲೆ ವಿಜಯಪುರದ ಗಡಸು ಬೋರ್ ನೀರು ಮಾತ್ರ ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಕೂಲಂಟ್ ಬೆರೆಸಿ ತುಂಬಿ.