ಸಂಪಾದಕರ ಉತ್ತರ: ಟಿಕೆಟ್ ಬೆಂಗಳೂರಿನಲ್ಲಿ, ಪಕ್ಷ ಎಲ್ಲಿ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಸಂಕಟ ಇಷ್ಟು: ಪಕ್ಷದ ಬೂತ್ ಸಮಿತಿಯಲ್ಲಿ ವರ್ಷಗಟ್ಟಲೆ ಮೈಮುರಿದು ದುಡಿದರೂ ಟಿಕೆಟ್ ಹೊತ್ತಿಗೆ ಅವರನ್ನು ಕೇಳುವವರಿಲ್ಲ. ಬೆಂಗಳೂರಿನಲ್ಲಿ ದುಡ್ಡು ಮಾಡಿಕೊಂಡವರೊಬ್ಬರು ಬಂದರು, ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿಸಿದರು, ನಾಯಕರಾಗಿಬಿಟ್ಟರು. ‘ದುಡ್ಡು, ಮೇಲಿನವರ ಕೃಪೆ ಇಲ್ಲದೆ ಪಕ್ಷ ಕಟ್ಟಲು ಆಗುವುದಿಲ್ಲ ಎಂದು ನೀವಾದರೂ ಬರೆಯಿರಿ’ ಎಂಬುದು ಅವರ ಕೋರಿಕೆ.

ದುಡ್ಡು ಬೇಕು, ಒಪ್ಪಿದೆ. ಜೀಪು ನೀರು ಕುಡಿದು ಓಡುವುದಿಲ್ಲ, ಬೂತ್ ಏಜೆಂಟರೂ ಉಪವಾಸ ಕೂರುವುದಿಲ್ಲ. ಉಳಿದದ್ದನ್ನು ಮಾತ್ರ ಬರೆಯಲಾರೆ. ಅದೂ ಶಿವಮೊಗ್ಗ ಜಿಲ್ಲೆಯವರು ಕೇಳಿದರೆ!

ನಿಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲೇ ಕಾಗೋಡು ಇದೆಯಲ್ಲ ಸ್ವಾಮಿ. 1951ರಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯನ್ನು ಪ್ರಶ್ನಿಸಿ ಎದ್ದು ನಿಂತಾಗ ಅವರ ಹಿಂದೆ ಯಾವ ಹೈಕಮಾಂಡ್ ಇತ್ತು? ಎಚ್. ಗಣಪತಿಯಪ್ಪನವರು ಅದಕ್ಕೂ ಮೊದಲೇ ರೈತ ಸಂಘ ಕಟ್ಟಿದ್ದರು. ಸಮಾಜವಾದಿಗಳು ಆಮೇಲೆ ಕೈಜೋಡಿಸಿದರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸಂಘ ಮೊದಲು, ಪಕ್ಷ ಆಮೇಲೆ. ಮರುವರ್ಷವೇ ಅದೇ ಸಮಾಜವಾದಿ ಪಾಳಯದ ಶಾಂತವೇರಿ ಗೋಪಾಲಗೌಡರು ವಿಧಾನಸಭೆ ಹೊಕ್ಕರು. ‘ಒಂದು ಓಟು, ಒಂದು ನೋಟು’ ಎಂದು ಮತದಾರರ ಹತ್ತಿರವೇ ಖರ್ಚು ಎತ್ತಿ ಚುನಾವಣೆಗೆ ನಿಲ್ಲುತ್ತಿದ್ದ ಮನುಷ್ಯ. 1957ರಲ್ಲಿ ಸೋತರು, ನಿಜ. 1962ರಲ್ಲಿ ತೀರ್ಥಹಳ್ಳಿ ಅವರನ್ನು ಮತ್ತೆ ಕಳಿಸಿತು.

ಸಮಾಜವಾದಿಗಳ ಕಥೆಯನ್ನೇ ಊದುತ್ತೇನೆ ಎನ್ನಬೇಡಿ. ಯಡಿಯೂರಪ್ಪನವರ ರಾಜಕೀಯ ನನಗೆ ಹಿಡಿಸುತ್ತದೋ ಇಲ್ಲವೋ ಬೇರೆ ಮಾತು. ಆದರೆ ಅವರೂ ಶುರು ಮಾಡಿದ್ದು 1975ರಲ್ಲಿ, ಶಿಕಾರಿಪುರದ ಪುರಸಭೆಯಿಂದ. ಶಾಸಕರಾಗುವುದಕ್ಕೆ 1983ರ ತನಕ ಕಾದರು.

ಈಗಲೂ ಅಂಥವರಿದ್ದಾರೆ. ನಮ್ಮ ಕಡೆಯ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯೆಯನ್ನು ನೋಡುತ್ತಿರುತ್ತೇನೆ. ಸಂತೆಯ ದಿನ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಹಾಜರ್. ಪ್ಲಾಸ್ಟಿಕ್ ಕವರಿನಲ್ಲಿ ಯಾರ‍್ಯಾರದೋ ಫಾರಂ 57ರ (ಉಳುಮೆ ಮಾಡಿಕೊಂಡಿರುವ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಎನ್ನುವ ಬಗರ್‌ಹುಕುಂ ಅರ್ಜಿ) ರಸೀದಿ, ಆಧಾರ್ ಜೆರಾಕ್ಸ್, ಒಂದು ಇಂಕ್ ಪ್ಯಾಡ್. ಅಜ್ಜನ ಹೆಬ್ಬೆಟ್ಟು ಒತ್ತಿಸಿ ತನ್ನ ಸೆರಗಿನಲ್ಲೇ ಒರೆಸುತ್ತಾಳೆ. ಗುಮಾಸ್ತರು ‘ನಾಳೆ ಬನ್ನಿ’ ಅಂದರೆ, ‘ನಾಳೆ ಬಸ್ ಚಾರ್ಜು ನೀವು ಕೊಡ್ತೀರಾ ಸರ್?’ ಎಂದು ನಗುತ್ತಲೇ ಕೇಳುತ್ತಾಳೆ. ಬಗರ್‌ಹುಕುಂ ಅರ್ಜಿ ಹಿಡಿದು ಅಲೆದವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು. ಮೂರೂ ಪಕ್ಷದವರಿಗೆ ಆಕೆಯ ನೆನಪಾಗುವುದು ವೋಟರ್ ಚೀಟಿ ಹಂಚಬೇಕಾದಾಗ ಮಾತ್ರ.

ಆಕೆ ಮುಂದೆ ಬರುವುದಾದರೂ ಹೇಗೆ? ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಪಂಚಾಯತ್ ಕಾಯ್ದೆ ತಂದು ಹಳ್ಳಿಗೆ ಅಧಿಕಾರ ಇಳಿಸಿದ ರಾಜ್ಯ ನಮ್ಮದು ಎಂದು ಭಾಷಣದಲ್ಲಿ ಬೀಗುತ್ತೇವೆ. ಅದೇ ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿದವರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಯಾರು ಗದ್ದುಗೆಯಲ್ಲಿದ್ದರೂ ಅದೇ ರಾಗ. ಶಾಸಕರಿಗೂ ಇದು ಸುಖವೇ. ಕೆಳಗೆ ಪೈಪೋಟಿ ಹುಟ್ಟುವುದಿಲ್ಲ ನೋಡಿ. ನಡುವಿನ ಎರಡು ಮೆಟ್ಟಿಲು ಕಿತ್ತುಹಾಕಿ, ಮಹಡಿಗೆ ಯಾರೂ ಹತ್ತುತ್ತಿಲ್ಲವಲ್ಲ ಎಂದು ಅಚ್ಚರಿಪಡುವವರೂ ಇವರೇ.

ನಿಮಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬರವಣಿಗೆ ಚೆನ್ನಾಗಿದೆ, ಸಿಟ್ಟೂ ನ್ಯಾಯವಾದದ್ದೇ. ಆದರೆ ನಾಲ್ಕು ಪುಟದಲ್ಲೂ ಟಿಕೆಟ್ಟಿನದೇ ಮಾತು. ನಿಮ್ಮೂರಿನ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ದಾಟುವ ಕಾಲುಸಂಕ ಮುರಿದ ವಿಷಯ ಎರಡೇ ಸಾಲು, ಅದೂ ಸಹಿಯ ಕೆಳಗೆ. ಆ ಎರಡು ಸಾಲನ್ನು ಬಿಡಿಸಿ ಬರೆದು ಕಳಿಸಿ. ಅರ್ಜಿ ಕೊಟ್ಟಿದ್ದು ಯಾರಿಗೆ, ಹಿಂಬರಹ ಬಂದಿದೆಯೇ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಿದೆಯೇ, ಪ್ರತಿಗಳನ್ನೂ ಲಗತ್ತಿಸಿ. ಮಳೆ ಹಿಡಿಯುವ ಮೊದಲು ನಿಮ್ಮ ಹೆಸರಿನಲ್ಲೇ ಪ್ರಕಟಿಸೋಣ. ಆಗಲೂ ಹೆಸರು ಬೇಡ ಎನ್ನಬೇಡಿ.